1990ರ ಇಮೇಲ್ ಪ್ರಿಂಟ್‌ನಲ್ಲಿ ಸಂಬಂಧವೇ ಇಲ್ಲದ ಕಂಪನಿಯ ಹೆಸರು ಯಾಕಿದೆ?

ಶರಾವತಿ ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆಲಸ ಮಾಡುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಚಿಕ್ಕಮ್ಮ ಮನೆ ಬದಲಾಯಿಸುವಾಗ ಟ್ರಂಕಿನಲ್ಲಿ ಹಳೇ ಪ್ರಿಂಟ್‌ಗಳ ಒಂದು ಕಟ್ಟು ಸಿಕ್ಕಿತು. ಎರಡೂ ಅಂಚಿನಲ್ಲಿ ತೂತು ಇರುವ ಡಾಟ್ ಮ್ಯಾಟ್ರಿಕ್ಸ್ ಕಾಗದ. ಎಲ್ಲಾ ಇಮೇಲ್‌ಗಳೇ. ಹೆಚ್ಚಿನವು 1990ರವು, ಅಮೆರಿಕದಲ್ಲಿದ್ದ ಅವರ ಗೆಳೆಯರೊಬ್ಬರು ಬರೆದವು.

ಪತ್ರ ಓದಿದರೆ ಅರ್ಥ ಆಗುತ್ತದೆ. ಆದರೆ ಮೇಲಿರುವ ಸಾಲುಗಳು ಏನೂ ಅರ್ಥ ಆಗಲಿಲ್ಲ. ವಿಳಾಸದಲ್ಲಿ ಅಟ್ ಚಿಹ್ನೆಯೇ ಇಲ್ಲ. ಬರೀ ಆಶ್ಚರ್ಯಸೂಚಕ ಚಿಹ್ನೆಗಳು. ಕನ್ನಡದಲ್ಲಿ ಬರೆದರೆ ಹೀಗೆ ಆಗುತ್ತದೆ: ಡೆಕ್‌ಡಬ್ಲ್ಯುಆರ್‌ಎಲ್!ಯುಯುನೆಟ್!ಶಕ್ತಿ!ವಿಗ್ಯಾನ್! ಆಮೇಲೆ ಚಿಕ್ಕಪ್ಪನ ಹೆಸರು. ಹುಡುಕಿದಾಗ ಮೊದಲನೆಯದು ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಯ ಯಂತ್ರ ಅಂತ ಗೊತ್ತಾಯಿತು. ಆದರೆ ಪತ್ರ ಬರೆದವರು ಡಿಜಿಟಲ್‌ನಲ್ಲಿ ಯಾವತ್ತೂ ಕೆಲಸ ಮಾಡಿಲ್ಲ ಅಂತ ಚಿಕ್ಕಮ್ಮ ಖಂಡಿತವಾಗಿ ಹೇಳುತ್ತಾರೆ. ನಮ್ಮ ಚಿಕ್ಕಪ್ಪನಿಗೂ ಆ ಕಂಪನಿಗೂ ಏನೂ ಇಲ್ಲ. ಹಾಗಾದರೆ ಅವರ ಪತ್ರ ಈ ಕಂಪನಿಯ ಕೈಗೆ ಯಾಕೆ ಹೋಯಿತು? ತಿಳಿದವರು ಹೇಳಿ.

ಹಳೇ ಮೋಡೆಮ್

ಆ ಕಟ್ಟನ್ನು ದಯವಿಟ್ಟು ಜೋಪಾನವಾಗಿ ಇಡಿ. ಅದು ವಿಳಾಸ ಅಲ್ಲ, ದಾರಿ. ಈಗ ನಾವು "ಇಂಥವರಿಗೆ" ಅಂತ ಬರೆದರೆ ಸಾಕು, ಉಳಿದದ್ದನ್ನು ಯಂತ್ರಗಳು ನೋಡಿಕೊಳ್ಳುತ್ತವೆ. ಆಗ ಪತ್ರ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಹೋಗಬೇಕು ಅನ್ನುವುದನ್ನು ಬರೆಯುವವರೇ ಬರೆಯಬೇಕಿತ್ತು. ಒಂದೊಂದು ಆಶ್ಚರ್ಯಸೂಚಕವೂ ಒಂದು ನಿಲ್ದಾಣ.

ನಮ್ಮೂರಿನ ಕಡೆ ಈಗಲೂ ಮಾಡುತ್ತಾರಲ್ಲ, ತೀರ್ಥಹಳ್ಳಿಯಿಂದ ಒಂದು ಕವರ್ ಬೆಂಗಳೂರಿಗೆ ಹೋಗಬೇಕು ಅಂದರೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಡ್ರೈವರ್ ಕೈಲಿ ಕೊಟ್ಟು, ಅಲ್ಲಿ ಸ್ಟ್ಯಾಂಡಿನ ಪಕ್ಕದ ಅಂಗಡಿಯವನು ಇಸಿದುಕೊಂಡು ರಾತ್ರಿ ಬಸ್ಸಿಗೆ ಹಾಕುವುದು, ಥೇಟ್ ಅದೇ. ಅಂಗಡಿಯವನಿಗೆ ಆ ಕವರಿನಿಂದ ಏನೂ ಸಿಗುವುದಿಲ್ಲ. ಆದರೂ ಇಟ್ಟುಕೊಂಡು ಕೊಡುತ್ತಾನೆ.

ಈ ವ್ಯವಸ್ಥೆಯ ಹೆಸರು ಯುಯುಸಿಪಿ. ಅಮೆರಿಕದ ಫೋನ್ ಕಂಪನಿ ಎಟಿ&ಟಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಬರೆದದ್ದು. 1979ರಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ 7ನೇ ಆವೃತ್ತಿಯ ಜೊತೆ ಎಲ್ಲರಿಗೂ ಸಿಕ್ಕಿತು. ಇದಕ್ಕೆ ಒಂದು ಮೋಡೆಮ್ ಮತ್ತು ಫೋನ್ ಲೈನ್ ಸಾಕು. ರಾತ್ರಿ ದರ ಕಡಿಮೆ ಆದಮೇಲೆ ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡುತ್ತದೆ. ಕೂಡಿಟ್ಟ ಪತ್ರಗಳನ್ನು ಕೊಡುತ್ತದೆ, ಅಲ್ಲಿದ್ದದ್ದನ್ನು ತೆಗೆದುಕೊಳ್ಳುತ್ತದೆ, ಫೋನ್ ಇಡುತ್ತದೆ. ನಮ್ಮಲ್ಲೂ ರಾತ್ರಿ 11ರ ಮೇಲೆ ಕಾಲು ದರ ಅಂತ ಎಸ್‌ಟಿಡಿ ಬೂತ್ ಮುಂದೆ ಸಾಲು ನಿಲ್ಲುತ್ತಿದ್ದೆವಲ್ಲ, ಯಂತ್ರಗಳೂ ಹಾಗೇ ಕಾಯುತ್ತಿದ್ದವು.

ಸಣ್ಣ ಕಾಲೇಜು, ಸಣ್ಣ ಕಂಪನಿ ಅಂದರೆ ಹತ್ತಿರದ ಒಂದೆರಡು ಯಂತ್ರಗಳಿಗೆ ಮಾತ್ರ ಫೋನ್ ಮಾಡುತ್ತಿತ್ತು, ಲೋಕಲ್ ಕರೆಯಲ್ಲಿ ಮುಗಿಯಲಿ ಅಂತ. ದೂರಕ್ಕೆ ಕೊಂಡೊಯ್ಯುವವರು ಬೇಕಲ್ವಾ? ಆ ಕೆಲಸ ಮಾಡಿದ್ದು ಕೆಲವೇ ದೊಡ್ಡ ಯಂತ್ರಗಳು. ಅವುಗಳಲ್ಲಿ ಹಲವು ಕಂಪನಿಗಳವು. ಎಟಿ&ಟಿಯ ಐಎಚ್‌ಎನ್‌ಪಿ4, ಡಿಜಿಟಲ್‌ನ ಡೆಕ್‌ವ್ಯಾಕ್ಸ್, ಎಚ್‌ಪಿಯ ಎಚ್‌ಪಿಲ್ಯಾಬ್ಸ್. ಕಂಪನಿಯಿಂದ ಹೊರಟದ್ದೂ ಅಲ್ಲ, ಕಂಪನಿಗೆ ಬಂದದ್ದೂ ಅಲ್ಲ, ಅಂಥ ಪತ್ರಗಳನ್ನು ಇವು ದಿನವೂ ಸಾಗಿಸುತ್ತಿದ್ದವು. ನಿಮ್ಮ ಚಿಕ್ಕಪ್ಪನ ಪತ್ರವೂ ಅಂಥದ್ದೇ.

ಕರಾವಳಿ ಹುಡುಗ

ಐಎಚ್‌ಎನ್‌ಪಿ4ರಲ್ಲಿ ಐಎಚ್ ಅಂದರೆ ಇಂಡಿಯನ್ ಹಿಲ್ ಅಂತ ಎಲ್ಲೋ ಓದಿದ್ದೆ. ಇಂಡಿಯಾಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಹಳೇ ಮೋಡೆಮ್

ಇಲ್ಲ. ಅದು ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್ ಕಟ್ಟಡದ ಹೆಸರು. ಆ ಕಾಲದಲ್ಲಿ ಅತಿ ಹೆಚ್ಚು ಯಂತ್ರಗಳ ಜೊತೆ ಕೊಂಡಿ ಇದ್ದ ಜಾಗಗಳಲ್ಲಿ ಅದೂ ಒಂದು. ಜನ ತಮ್ಮ ವಿಳಾಸ ಕೊಡುವಾಗ "ಐಎಚ್‌ಎನ್‌ಪಿ4, ಡೆಕ್‌ವ್ಯಾಕ್ಸ್, ಸೈಸ್ಮೋ, ಇವುಗಳಲ್ಲಿ ಯಾವುದಕ್ಕಾದರೂ ತಲುಪಿಸಿ, ಅಲ್ಲಿಂದ ನಮ್ಮ ಯಂತ್ರಕ್ಕೆ ದಾರಿ ಹೀಗೆ" ಅಂತ ಬರೆಯುತ್ತಿದ್ದರು. ದೊಡ್ಡಾಸ್ಪತ್ರೆ ಹತ್ತಿರ ಬಂದು ಯಾರನ್ನಾದರೂ ಕೇಳಿ, ನಮ್ಮ ಮನೆ ತೋರಿಸುತ್ತಾರೆ ಅನ್ನುತ್ತೇವಲ್ಲ, ಹಾಗೆ.

ತುಂಗಾಪಾನ

ನನಗೆ ಒಂದು ವಿಷಯ ಒಪ್ಪಿಗೆ ಆಗುತ್ತಿಲ್ಲ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಇದ್ದವನು ನಾನು. ಆ ಫೋನ್ ಬಿಲ್ ಯಾರು ಕಟ್ಟಿದರು? ಕಂಪನಿ ಕಟ್ಟಿತು. ಕಂಪನಿಯ ಷೇರುದಾರರು ಒಪ್ಪಿದ್ದರಾ? ಮೇಲಿನ ಅಧಿಕಾರಿಗೆ ಗೊತ್ತಿತ್ತಾ? ಯಂತ್ರದ ಮುಂದೆ ಕೂತಿರುವ ಎಂಜಿನಿಯರ್ ತನಗೆ ಸರಿ ಕಂಡಿತು ಅಂತ ಊರಿನ ಪತ್ರವೆಲ್ಲಾ ಕಂಪನಿ ದುಡ್ಡಲ್ಲಿ ಸಾಗಿಸಿದರೆ ಅದನ್ನು ದಾನ ಅಂತ ಕರೆಯಬಹುದಾ? ದಾನ ಮಾಡುವವನು ತನ್ನ ಜೇಬಿನಿಂದ ಮಾಡಬೇಕು. ಬಸ್ ಡ್ರೈವರ್ ಉದಾಹರಣೆ ಚೆನ್ನಾಗಿದೆ, ಆದರೆ ಬಸ್ಸು ಹೇಗೂ ಹೋಗುತ್ತಿರುತ್ತದೆ. ಇಲ್ಲಿ ಪ್ರತಿ ನಿಮಿಷಕ್ಕೂ ದುಡ್ಡು.

ನ್ಯೂಜೆರ್ಸಿ ಕನ್ನಡಿಗ

ತುಂಗಾಪಾನ ಅವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ಆ ದಿನಗಳಲ್ಲೂ ಇದನ್ನೇ ಕೇಳುತ್ತಿದ್ದರು. ನಾನು 80ರ ದಶಕದ ಕೊನೆಯಲ್ಲಿ ಇಲ್ಲಿಗೆ ಓದಲು ಬಂದವನು. ವಿಭಾಗದ ಯಂತ್ರ ನೋಡಿಕೊಳ್ಳುವ ಅರೆಕಾಲಿಕ ಕೆಲಸ ಸಿಕ್ಕಿತ್ತು. ಮೊದಲ ವಾರವೇ ನನಗೆ ಹೇಳಿಕೊಟ್ಟ ಪಾಠ ಇದು: ಬೇರೆಯವರ ಯಂತ್ರದ ಮೂಲಕ ದೊಡ್ಡ ಫೈಲ್ ಕಳಿಸಬೇಡ, ಕಳಿಸಲೇಬೇಕಿದ್ದರೆ ಮೊದಲು ಆ ಯಂತ್ರದ ಉಸ್ತುವಾರಿಯನ್ನು ಕೇಳು.

ಲೆಕ್ಕ ನೋಡಿ. 1200 ವೇಗದ ಮೋಡೆಮ್ ಅಂದರೆ ಸೆಕೆಂಡಿಗೆ ಸುಮಾರು 120 ಅಕ್ಷರ. 10,000 ಅಕ್ಷರದ ಪತ್ರಕ್ಕೆ ಹತ್ತಿರ ಹತ್ತಿರ ಒಂದೂವರೆ ನಿಮಿಷ. ಒಂದು ಪತ್ರಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಐಎಚ್‌ಎನ್‌ಪಿ4ರಂಥ ಯಂತ್ರಕ್ಕೆ ಅಂಥವು ಎಷ್ಟು ಬರುತ್ತಿದ್ದವು ಊಹಿಸಿ. ಪತ್ರಕ್ಕಿಂತ ಜಾಸ್ತಿ ಹೊರೆ ಯೂಸ್‌ನೆಟ್‌ನದು, ಅಂದರೆ ಒಬ್ಬರು ಬರೆದದ್ದನ್ನು ಯಂತ್ರದಿಂದ ಯಂತ್ರಕ್ಕೆ ಎಲ್ಲರಿಗೂ ಹಂಚುವ ಚರ್ಚಾ ಜಾಲದ್ದು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲಿಸ್ ಸೇರಿ ಅದನ್ನು ಯೋಚಿಸಿದರು. ಮೊದಲ ಪ್ರೋಗ್ರಾಂ ಬರೆದವರು ಪಕ್ಕದ ಚಾಪೆಲ್ ಹಿಲ್‌ನ ಸ್ಟೀವ್ ಬೆಲೊವಿನ್. ಮೊದಲಿಗೆ ಎರಡು ಮೂರು ಯಂತ್ರ. ಅದು ದೇಶದ ಆಚೆ ತುದಿಗೂ ಹರಡಲು ಒಂದು ದೊಡ್ಡ ಕಾರಣ ಡೆಕ್‌ವ್ಯಾಕ್ಸ್. ನ್ಯೂಹ್ಯಾಂಪ್‌ಶೈರ್‌ನಲ್ಲಿದ್ದ ಡಿಜಿಟಲ್‌ನ ಯೂನಿಕ್ಸ್ ತಂಡದ ಅರ್ಮಾಂಡೋ ಸ್ಟೆಟ್ನರ್, ಬಿಲ್ ಶಾನನ್ ಅದನ್ನು ನಡೆಸುತ್ತಿದ್ದರು. ದೂರದ ಕರೆಗಳ ಖರ್ಚು ಡಿಜಿಟಲ್ ಹೊತ್ತುಕೊಂಡಿತು.

ಯಾಕೆ ಹೊತ್ತುಕೊಂಡಿತು ಅಂದರೆ, ಆಗ ಯೂನಿಕ್ಸ್ ಓಡಿಸುತ್ತಿದ್ದ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಇದ್ದದ್ದು ಡಿಜಿಟಲ್‌ನದೇ ವ್ಯಾಕ್ಸ್ ಅಥವಾ ಪಿಡಿಪಿ-11 ಕಂಪ್ಯೂಟರ್. ಒಂದು ಕಡೆ ದೋಷ ಸಿಕ್ಕರೆ ಅದರ ಪರಿಹಾರ ರಾತ್ರಿ ಬೆಳಗಾಗುವುದರೊಳಗೆ ಇನ್ನೊಂದು ಕಡೆಗೆ ತಲುಪುತ್ತಿತ್ತು. ಗಿರಾಕಿಗಳು ಒಬ್ಬರಿಗೊಬ್ಬರು ಸಹಾಯ ಮಾಡಿಕೊಂಡರೆ ಯಂತ್ರ ಮಾರಿದವನಿಗೇ ಲಾಭ. ಹಾಗಾಗಿ ಬರೀ ದಾನ ಅನ್ನುವುದು ತಪ್ಪು, ಬರೀ ದುಂದು ಅನ್ನುವುದೂ ತಪ್ಪು.

ತುಂಗಾಪಾನ

ಈ ಗಿರಾಕಿ ಲೆಕ್ಕ ಒಪ್ಪುತ್ತೇನೆ. ಡಿಜಿಟಲ್‌ಗೆ ಕಾರಣ ಇತ್ತು. ಎಟಿ&ಟಿಗೆ?

ಹಳೇ ಮೋಡೆಮ್

ಎಟಿ&ಟಿ ಫೋನ್ ಕಂಪನಿಯೇ ಅಲ್ವಾ. ತಂತಿಯೂ ಅವರದೇ, ಎಕ್ಸ್‌ಚೇಂಜೂ ಅವರದೇ. ಒಳಗಿನವರಿಗೆ ದೂರದ ಕರೆ ಅಂದರೆ ಹೊರಗಿನವರಿಗೆ ಕಾಣುವಷ್ಟು ದೊಡ್ಡ ಖರ್ಚಾಗಿ ಕಾಣುತ್ತಿರಲಿಲ್ಲ. 1984ರ ಜನವರಿ 1ಕ್ಕೆ ಕಂಪನಿ ಒಡೆಯಿತು, ಸ್ಥಳೀಯ ಫೋನ್ ಕಂಪನಿಗಳೆಲ್ಲಾ ಬೇರೆ ಆದವು. ಆಮೇಲೆ ಪ್ರತಿ ಖರ್ಚಿಗೂ ಲೆಕ್ಕ ಕೇಳುವ ಕಾಲ ಬಂತು.

ಆದರೆ ಒಂದು ಮಾತು ಹೇಳಲೇಬೇಕು. ಬಿಲ್ ಕಾಣದೆ ಇದ್ದದ್ದರಿಂದಲೇ ಇದೆಲ್ಲಾ ನಡೆಯಿತು ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಬಿಲ್ ಕಾಣದಿದ್ದರೆ ಯಂತ್ರ ತಾನಾಗಿಯೇ ಪತ್ರ ಸಾಗಿಸುವುದಿಲ್ಲ. ಯಾರೋ ಒಬ್ಬರು ಕೂತು ಹೊಸ ನೆರೆಯವರ ಫೋನ್ ನಂಬರು, ಪಾಸ್‌ವರ್ಡ್ ಸೇರಿಸಬೇಕು. ಡಿಸ್ಕ್ ತುಂಬಿದಾಗ ರಾತ್ರಿ ಎದ್ದು ಬರಬೇಕು. ಸಿಕ್ಕಿಹಾಕಿಕೊಂಡ ಪತ್ರವನ್ನು ಬಿಡಿಸಬೇಕು. ಇದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಒಬ್ಬರ ಫೋನ್ ನಂಬರು ಇನ್ನೊಬ್ಬರ ಹತ್ತಿರ ಇರುತ್ತಿತ್ತು, ಮೇಲ್ ನಿಂತರೆ ಫೋನ್ ಮಾಡಿ ಕೇಳುತ್ತಿದ್ದರು. ಕಂಪನಿ ಕೊಟ್ಟದ್ದು ದುಡ್ಡು. ಈ ಜನ ಕೊಟ್ಟದ್ದು ನಿದ್ದೆ.

ಮೈಸೂರು ಮಲ್ಲಿಗೆ

ಪಾಥ್‌ಅಲಿಯಾಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಅದು. ದಾರಿಯನ್ನು ಕೈಯಲ್ಲೇ ಬರೆಯುವುದು ಕಷ್ಟ ಅಂತ ಸ್ಟೀವ್ ಬೆಲೊವಿನ್ ಮತ್ತು ಪೀಟರ್ ಹನಿಮನ್ ಒಂದು ಪ್ರೋಗ್ರಾಂ ಬರೆದರು. ಎಲ್ಲಾ ಯಂತ್ರಗಳ ನಕ್ಷೆ ಕೊಟ್ಟರೆ ಅದು ಹತ್ತಿರದ ದಾರಿ ಹುಡುಕಿ ಕೊಡುತ್ತದೆ. ನಕ್ಷೆ ಅಂದರೆ, ಪ್ರತಿ ಯಂತ್ರದ ಉಸ್ತುವಾರಿ ತಾನು ಯಾರ ಯಾರ ಜೊತೆ ಎಷ್ಟು ಹೊತ್ತಿಗೊಮ್ಮೆ ಮಾತಾಡುತ್ತೇನೆ ಅಂತ ಬರೆದು ಕಳಿಸುತ್ತಿದ್ದರು. ಅದನ್ನೆಲ್ಲಾ ಸ್ವಯಂಸೇವಕರು ಒಟ್ಟು ಮಾಡಿ ಹಂಚುತ್ತಿದ್ದರು.

ಇದರಲ್ಲಿ "ಬೆಲೆ" ಇರುತ್ತದೆ, ಆದರೆ ಅದು ದುಡ್ಡಲ್ಲ. ಬೇಕೆಂದಾಗ ಫೋನ್ ಮಾಡುವ ಕೊಂಡಿಗೆ 300, ಗಂಟೆಗೊಮ್ಮೆ ಮಾಡುವುದಕ್ಕೆ 500, ಸಂಜೆ ಮೇಲೆ ಮಾತ್ರ ಅಂದರೆ 1800, ದಿನಕ್ಕೊಮ್ಮೆ ಅಂದರೆ 5000, ವಾರಕ್ಕೊಮ್ಮೆ ಅಂದರೆ 30000. ಗಮನಿಸಿ, ದಿನಕ್ಕೊಮ್ಮೆಯ ಬೆಲೆ ಗಂಟೆಗೊಮ್ಮೆಯದರ 24 ಪಟ್ಟು ಅಲ್ಲ, 10 ಪಟ್ಟು ಮಾತ್ರ. ನಡುವೆ ನಿಲ್ದಾಣ ಜಾಸ್ತಿ ಆದಷ್ಟೂ ಪತ್ರ ಎಲ್ಲೋ ಒಂದು ಕಡೆ ಕಳೆದುಹೋಗುವ ಭಯ ಜಾಸ್ತಿ. ಅದಕ್ಕೇ ತಡವಾದರೂ ಪರವಾಗಿಲ್ಲ, ಕಡಿಮೆ ಕೈ ಬದಲಾಗಲಿ ಅಂತ ಹಾಗೆ ಇಟ್ಟರು.

ಇದರಿಂದ ಇನ್ನೊಂದು ಆಯಿತು. ಪ್ರೋಗ್ರಾಂ ಎಲ್ಲರಿಗೂ ಒಳ್ಳೇ ದಾರಿ ತೋರಿಸಿದ್ದರಿಂದ ಎಲ್ಲರ ಪತ್ರವೂ ಅದೇ ನಾಲ್ಕೈದು ದೊಡ್ಡ ಯಂತ್ರಗಳ ಮೇಲೆ ಬಿತ್ತು. ಚೆನ್ನಾಗಿ ಕೊಂಡಿ ಇಟ್ಟುಕೊಂಡವರಿಗೇ ಹೊರೆ ಹೆಚ್ಚು. ಇದು ನನಗೆ ಅನ್ಯಾಯ ಅನ್ನಿಸುತ್ತದೆ.

ಹುಬ್ಬಳ್ಳಿ ವಕೀಲ

ನಾನು ಕಂಪ್ಯೂಟರ್ ಮಂದಿ ಅಲ್ಲ, ಆದರೂ ಈ ಚರ್ಚೆ ಓದಿ ಸುಮ್ನೆ ಕೂರಲು ಆಗಲಿಲ್ಲ. ಬಸ್ಸಿನಲ್ಲಿ ಕವರ್ ಕಳಿಸುವ ಮಾತು ಬಂತಲ್ಲ. ನಮ್ಮ 1898ರ ಅಂಚೆ ಕಚೇರಿ ಕಾಯಿದೆಯ 4ನೇ ಕಲಂ ಪ್ರಕಾರ ಪತ್ರ ಸಾಗಿಸುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮಾತ್ರ ಇತ್ತು. ಆದರೆ ಅದರಲ್ಲೇ ಒಂದು ವಿನಾಯಿತಿ ಇತ್ತು. ಪ್ರಯಾಣ ಹೊರಟ ಗೆಳೆಯನೊಬ್ಬ ಕೂಲಿ, ಬಹುಮಾನ, ಲಾಭ ಏನೂ ಇಲ್ಲದೆ ಪತ್ರ ಒಯ್ದು ಕೊಟ್ಟರೆ ತಪ್ಪಿಲ್ಲ. ಅಂದರೆ ನೂರು ವರ್ಷದ ಹಿಂದೆಯೇ ಕಾನೂನು ಬರೆದವರಿಗೆ ಗೊತ್ತಿತ್ತು, ಜನ ಹೀಗೆ ಒಬ್ಬರ ಪತ್ರ ಒಬ್ಬರು ಒಯ್ಯುತ್ತಾರೆ ಅಂತ. ದುಡ್ಡು ಮುಟ್ಟಿದ ಕೂಡಲೇ ಅದು ಬೇರೆ ವಿಷಯ ಆಗುತ್ತಿತ್ತು. 2023ರ ಹೊಸ ಕಾಯಿದೆ ಬಂದಮೇಲೆ ಹಳೆಯದು ಹೋಯಿತು.

ಅಮೆರಿಕದ ಕಂಪನಿಗಳಿಗೆ ತಲೆನೋವು ಬಂದದ್ದು ಬೇರೆ ಕಡೆಯಿಂದ. ಫೋನ್ ಕದ್ದು ಕೇಳಬಾರದು ಅನ್ನುವ ರಕ್ಷಣೆಯನ್ನು 1986ರಲ್ಲಿ ಅಲ್ಲಿನ ಕಾನೂನು ಇಮೇಲ್‌ಗೂ ಕೊಟ್ಟಿತು. ಪತ್ರ ಬರೆಯುವವರಿಗೆ ಅದು ತುಂಬಾ ಒಳ್ಳೆಯದು. ಆದರೆ ನಡುವೆ ಇರುವ ಕಂಪನಿಯ ಜಾಗದಲ್ಲಿ ನಿಂತು ಯೋಚಿಸಿ. ಯಾರೋ ಅಪರಿಚಿತರ ಪತ್ರ ನಿಮ್ಮ ಡಿಸ್ಕ್ ಮೇಲೆ ಬಿಚ್ಚಿಟ್ಟ ಹಾಗೆ ಬಿದ್ದಿದೆ. ನಿಮ್ಮ ಕೆಲಸಗಾರ ದೋಷ ಹುಡುಕಲು ಅದನ್ನು ತೆರೆದು ನೋಡಿದರೆ? ಪತ್ರ ಕಳೆದುಹೋದರೆ ಹೊಣೆ ಯಾರದು? ನಾನು ಆ ಕಂಪನಿಯ ವಕೀಲನಾಗಿದ್ದರೆ "ನಮ್ಮದಲ್ಲದ ಪತ್ರ ನಮಗೆ ಬೇಡ" ಅಂತಲೇ ಸಲಹೆ ಕೊಡುತ್ತಿದ್ದೆ. ಬೇಜಾರಿನಿಂದಲೇ ಕೊಡುತ್ತಿದ್ದೆ.

ನ್ಯೂಜೆರ್ಸಿ ಕನ್ನಡಿಗ

ಹೌದು ಸರ್, ಅದೇ ಆಯಿತು. 80ರ ದಶಕದ ಕೊನೆಗೆ ಬರುಬರುತ್ತಾ ದೊಡ್ಡ ಯಂತ್ರಗಳು ಒಂದೊಂದಾಗಿ ಹಿಂದೆ ಸರಿದವು. ನಾವು ದಾರಿ ಬದಲಾಯಿಸುತ್ತಾ ಇರಬೇಕಿತ್ತು. ಒಂದು ದಿನ ಹೋಗುತ್ತಿದ್ದ ಪತ್ರ ಇನ್ನೊಂದು ದಿನ ವಾಪಸ್ ಬರುತ್ತಿತ್ತು.

ಈ ಹೊತ್ತಿಗೆ ರಿಕ್ ಆಡಮ್ಸ್ ಮಾಡಿದ ಕೆಲಸ ನೆನೆಯಬೇಕು. ಅವರು ವರ್ಜೀನಿಯಾದ ಭೂಕಂಪ ಅಧ್ಯಯನ ಕೇಂದ್ರದಲ್ಲಿ ಸೈಸ್ಮೋ ಎಂಬ ಯಂತ್ರ ನೋಡಿಕೊಳ್ಳುತ್ತಿದ್ದರು. ಅಣುಬಾಂಬ್ ಪರೀಕ್ಷೆಯ ಕಂಪನ ಗುರುತಿಸಲು ಇದ್ದ ಜಾಗ ಅದು. ಆದರೆ ಯುರೋಪಿನ ಪತ್ರಗಳೆಲ್ಲಾ ಆಮ್‌ಸ್ಟರ್‌ಡ್ಯಾಮ್‌ನ ಎಂಸಿವ್ಯಾಕ್ಸ್ ಯಂತ್ರದಿಂದ ಸಮುದ್ರ ದಾಟಿ ಬರುತ್ತಿದ್ದದ್ದು ಇಲ್ಲಿಗೇ. ಇದು ಹೀಗೇ ಬಿಟ್ಟಿಯಾಗಿ ನಡೆಯಲಾರದು ಅಂತ ಅವರಿಗೆ ಅನ್ನಿಸಿತು. 1987ರಲ್ಲಿ ಯೂನಿಕ್ಸ್ ಬಳಸುವವರ ಯೂಸ್‌ನಿಕ್ಸ್ ಸಂಘದ ಹಣದ ಸಹಾಯದಿಂದ ಯುಯುನೆಟ್ ಶುರು ಮಾಡಿದರು. ದುಡ್ಡು ಕೊಡಿ, ಪತ್ರ ಒಯ್ಯುತ್ತೇವೆ, ಅಷ್ಟೇ. ಮೊದಲಿಗೆ ಲಾಭಕ್ಕಲ್ಲದ ಸಂಸ್ಥೆ, ಆಮೇಲೆ ದೊಡ್ಡ ಇಂಟರ್ನೆಟ್ ಕಂಪನಿ.

ತುಂಗಾಪಾನ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಇದೇ ಅಂತ ನನಗೆ ಅನ್ನಿಸುತ್ತದೆ. ಬೇಡಿಕೆ ಇದೆ ಅಂತ ತೋರಿಸಿಕೊಟ್ಟದ್ದು ಆ ಬಿಟ್ಟಿ ಸೇವೆ. ಅದು ಇಲ್ಲದಿದ್ದರೆ ಯುಯುನೆಟ್‌ಗೆ ಗಿರಾಕಿಗಳು ಎಲ್ಲಿಂದ ಬರುತ್ತಿದ್ದರು?

ತುಂಗಾಪಾನ

ಇದು ನ್ಯಾಯವಾದ ಮಾತು. ಆದರೆ ಇಷ್ಟಂತೂ ಹೇಳುತ್ತೇನೆ, ಯುಯುನೆಟ್ ಬಂದಮೇಲೆಯೇ ಅದು ಸರಿಯಾದ ವ್ಯವಸ್ಥೆ ಆಯಿತು. ಯಾರ ಖರ್ಚು ಯಾರು ಕೊಡುತ್ತಾರೆ ಅಂತ ಗೊತ್ತಿದ್ದರೆ ಯಾರೂ ಯಾರ ಹಂಗಿನಲ್ಲೂ ಇರಬೇಕಿಲ್ಲ.

ಹಳೇ ಮೋಡೆಮ್

ಹಂಗು ಅನ್ನುವ ಪದ ಸರಿಯಾಗಿ ಹಾಕಿದಿರಿ. ನಾವು ಭಾರತದಲ್ಲಿ ಇದ್ದವರು ನಿಜವಾಗಿ ಹಂಗಿನಲ್ಲೇ ಇದ್ದೆವು, ಅದಕ್ಕೆ ನನಗೆ ಬೇಸರ ಇಲ್ಲ.

ಶರಾವತಿ ತೀರ ಅವರಿಗೆ ಉಳಿದ ಹೆಸರುಗಳನ್ನು ಹೇಳಿಬಿಡುತ್ತೇನೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಶುರು ಮಾಡಿತು. ಐದು ಐಐಟಿಗಳು, ನಮ್ಮ ಐಐಎಸ್‌ಸಿ, ಆಗಿನ ಬಾಂಬೆಯ ಎನ್‌ಸಿಎಸ್‌ಟಿ ಎಂಬ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಅದರಲ್ಲಿದ್ದವು. ಎನ್‌ಸಿಎಸ್‌ಟಿಯನ್ನು ಶ್ರೀನಿವಾಸನ್ ರಮಣಿ ನಡೆಸುತ್ತಿದ್ದರು. ಅಲ್ಲಿನ ಯಂತ್ರದ ಹೆಸರೇ ಶಕ್ತಿ. 1989ರಲ್ಲಿ ಅಲ್ಲಿಂದ ಯುಯುನೆಟ್‌ಗೆ ಸೆಕೆಂಡಿಗೆ 9600 ಬಿಟ್‌ನ ಒಂದು ಲೈನ್ ಬಂತು. ವಿಗ್ಯಾನ್ ಅಂದರೆ ಐಐಎಸ್‌ಸಿಯ ಯಂತ್ರ, ವಿಜ್ಞಾನ ಅನ್ನುವುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಗೆ ಬರೆದದ್ದು.

ಡೆಕ್‌ಡಬ್ಲ್ಯುಆರ್‌ಎಲ್ ಅಂದರೆ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಡಿಜಿಟಲ್‌ನ ಸಂಶೋಧನಾಲಯ. ಪತ್ರ ಬರೆದವರ ಕಂಪನಿಗೆ ಅದು ಲೋಕಲ್ ಕರೆಯ ದೂರದಲ್ಲಿ ಇದ್ದಿರಬೇಕು. ನಾನು ಆ ಡೆಕ್‌ಡಬ್ಲ್ಯುಆರ್‌ಎಲ್‌ಗೆ ಇನ್ನೊಂದು ಕಾರಣಕ್ಕೆ ಋಣಿ. ಅಲ್ಲಿ ಎಫ್‌ಟಿಪಿಮೇಲ್ ಅಂತ ಒಂದು ಸೇವೆ ಇತ್ತು, ಪಾಲ್ ವಿಕ್ಸಿ ಬರೆದದ್ದು. ಬರೀ ಇಮೇಲ್ ಮಾತ್ರ ಇದ್ದವರು ಅದಕ್ಕೆ ಪತ್ರ ಬರೆದು ಇಂಥ ಫೈಲ್ ಬೇಕು ಅಂದರೆ, ಅದನ್ನು ತಂದು ತುಂಡು ತುಂಡು ಮಾಡಿ ಪತ್ರಗಳಲ್ಲಿ ಕಳಿಸುತ್ತಿತ್ತು. ಪ್ರೋಗ್ರಾಂಗಳನ್ನು ಯಂತ್ರದ ಭಾಷೆಗೆ ಬದಲಾಯಿಸುವ ಒಂದು ಕಂಪೈಲರ್ ಅನ್ನು ನಾನು ಹಾಗೆ ತರಿಸಿಕೊಂಡಿದ್ದೆ. ನಡುವೆ ಒಂದು ತುಂಡು ಬರಲಿಲ್ಲ. ಮತ್ತೆ ಕೇಳಿದೆ, ಮತ್ತೆ ಕಳಿಸಿತು. ಡಿಜಿಟಲ್‌ನಿಂದ ನಾನು ಒಂದು ಕೀಬೋರ್ಡ್ ಕೂಡ ಕೊಂಡವನಲ್ಲ.

ಕರಾವಳಿ ಹುಡುಗ

ಇದನ್ನೆಲ್ಲಾ ಓದಿ ಒಂದು ಪ್ರಶ್ನೆ. ಯಾರದೇ ಮೇಲ್ ಬಂದರೂ ಮುಂದಕ್ಕೆ ದಾಟಿಸುವ ಸರ್ವರ್‌ಗೆ ಓಪನ್ ರಿಲೇ ಅನ್ನುತ್ತಾರೆ, ಆ ಹೆಸರು ಕೇಳಿದರೆ ನಾವು ಈಗ ಬೆಚ್ಚಿಬೀಳುತ್ತೇವೆ. ನನ್ನ ಮೊದಲ ಕೆಲಸದಲ್ಲೇ "ಹೊರಗಿನವರ ಮೇಲ್ ಹೊರಗೆ ಕಳಿಸುವ ಸರ್ವರ್ ಇಟ್ಟರೆ ಕೆಲಸ ಹೋಗುತ್ತದೆ" ಅಂತ ಹೇಳಿದ್ದರು. ಆಗ ಪುಣ್ಯ ಆಗಿದ್ದದ್ದು ಈಗ ಪಾಪ ಹೇಗೆ ಆಯಿತು?

ಮೈಸೂರು ಮಲ್ಲಿಗೆ

ಇದಕ್ಕೆ ನಾನೇ ಉತ್ತರ ಕೊಡಬೇಕು, ಯಾಕೆಂದರೆ ನಾನು ಅನುಭವಿಸಿದ್ದೇನೆ.

1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿಯ, ಅಂದರೆ ಇಂಟರ್ನೆಟ್‌ನಲ್ಲಿ ಯಂತ್ರಗಳು ಮೇಲ್ ಕೊಟ್ಟು ತೆಗೆದುಕೊಳ್ಳುವ ಪದ್ಧತಿಯ ನಿಯಮ ಬರೆದಾಗ, ಒಂದು ಯಂತ್ರ ಬೇರೆಯವರ ಪತ್ರ ದಾಟಿಸುವುದು ಅದರ ಒಳಗೇ ಇತ್ತು. ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಕೂಡ ಯಾರದೇ ಪತ್ರ ಬಂದರೂ ತೆಗೆದುಕೊಂಡು ಮುಂದಕ್ಕೆ ಕಳಿಸುತ್ತಿತ್ತು. ಅದು ದೋಷ ಅಂತ ಯಾರಿಗೂ ಅನ್ನಿಸಲಿಲ್ಲ, ಒಳ್ಳೇ ನಡತೆ ಅದು.

90ರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಸೇರಿದ್ದೆ. ಸೋಮವಾರ ಬೆಳಿಗ್ಗೆ ಬಂದರೆ ಮೇಲ್ ಸರ್ವರ್ ಉಸಿರಾಡುತ್ತಿಲ್ಲ. ಡಿಸ್ಕ್ ಪೂರ್ತಿ ತುಂಬಿದೆ. ನೋಡಿದರೆ ಶನಿವಾರ ರಾತ್ರಿಯಿಂದ ಯಾರೋ ಹೊರದೇಶದವರು ನಮ್ಮ ಸರ್ವರಿಗೆ ಒಂದು ಜಾಹೀರಾತು ಪತ್ರ, ಜೊತೆಗೆ ಸಾವಿರಾರು ವಿಳಾಸ ಕೊಟ್ಟು ಹೋಗಿದ್ದಾರೆ. ಅದು ನಿಷ್ಠೆಯಿಂದ ಎರಡು ದಿನ ಕಳಿಸಿದೆ. ನಮ್ಮ ಲೈನ್ ಎಷ್ಟು ಸಣ್ಣದು ಅಂದರೆ ನಮ್ಮದೇ ಪತ್ರಗಳು ಹೊರಗೆ ಹೋಗಲು ಜಾಗ ಇಲ್ಲ. ವಾಪಸ್ ಬಂದ ಪತ್ರಗಳ ರಾಶಿ ಬೇರೆ. ಆಮೇಲೆ ಕಪ್ಪು ಪಟ್ಟಿಗೆ ಬಿದ್ದೆವು. ನಮ್ಮ ಗಿರಾಕಿಗಳಿಗೆ ನಮ್ಮ ಮೇಲ್ ತಲುಪುವುದೇ ನಿಂತಿತು. ಮೂರು ವಾರ ಒಬ್ಬೊಬ್ಬರಿಗೂ ಬರೆದು ನಮ್ಮ ಹೆಸರು ತೆಗೆಸಿದೆ. ಆ ಮೂರು ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ.

1998ರಲ್ಲಿ ಸೆಂಡ್‌ಮೇಲ್ 8.9 ಬಂತು. ಅದರಲ್ಲಿ ಮೊದಲ ಬಾರಿಗೆ ಹೊರಗಿನವರ ಪತ್ರ ದಾಟಿಸುವುದನ್ನು ತಾನಾಗಿಯೇ ಮುಚ್ಚಿದ್ದರು. ಅದನ್ನು ಹಾಕಿದ ದಿನ ನನಗೆ ನೆಮ್ಮದಿ ಆಯಿತು, ದುಃಖವೂ ಆಯಿತು. ಯುಯುಸಿಪಿ ಕಾಲದಲ್ಲಿ ನಿಮ್ಮ ಯಂತ್ರಕ್ಕೆ ಪತ್ರ ಕೊಡಬೇಕಾದರೆ ಮೊದಲು ನೀವು ಅವರಿಗೆ ಲಾಗಿನ್ ಕೊಟ್ಟಿರಬೇಕು. ಅವರು ಯಾರು ಅಂತ ನಿಮಗೆ ಗೊತ್ತು. ತೊಂದರೆ ಕೊಟ್ಟರೆ ಫೋನ್ ಮಾಡಿ ಹೇಳಬಹುದು. ಇಂಟರ್ನೆಟ್‌ನಲ್ಲಿ ಬಾಗಿಲು ತಟ್ಟಿದವರು ಯಾರು ಅಂತಲೇ ಗೊತ್ತಿಲ್ಲ. ಪತ್ರ ದಾಟಿಸುವುದು ಕೆಟ್ಟದ್ದಾಗಲಿಲ್ಲ ತಮ್ಮಾ, ಗುರುತಿಲ್ಲದವರಿಗೆ ದಾಟಿಸುವುದು ಕೆಟ್ಟದ್ದಾಯಿತು.

ಕರಾವಳಿ ಹುಡುಗ

ಈಗ ಅರ್ಥ ಆಯಿತು ಮೇಡಂ. ಲಾಗಿನ್ ವಿಷಯ ನನಗೆ ಹೊಳೆದೇ ಇರಲಿಲ್ಲ.

ಶರಾವತಿ ತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಚಿಕ್ಕಮ್ಮನ ಜೊತೆ ಕೂತು ಆ ಕಟ್ಟನ್ನು ಮತ್ತೆ ನೋಡಿದೆ. ಪ್ರತಿ ಪತ್ರದ ತಲೆಯ ಮೇಲೆ "ರಿಮೋಟ್ ಫ್ರಂ" ಅಂತ ಸಾಲುಗಳಿವೆ, ಒಂದೊಂದರಲ್ಲೂ ದಿನ ಮತ್ತು ಹೊತ್ತು. ಒಂದು ಪತ್ರ ಮಂಗಳವಾರ ಸಂಜೆ ಹೊರಟು ಶುಕ್ರವಾರ ಬೆಂಗಳೂರಿಗೆ ಬಂದಿದೆ. ಅದರಲ್ಲಿ ಗೆಳೆಯರು ತಮಗೆ ಮಗಳು ಹುಟ್ಟಿದ ಸುದ್ದಿ ಬರೆದಿದ್ದಾರೆ. ಏರ್‌ಮೇಲ್ ಪತ್ರ ಹದಿನೈದು ದಿನಕ್ಕೆ ಬರುತ್ತಿತ್ತು, ಇದು ಮೂರೇ ದಿನಕ್ಕೆ ಬಂತು ಅಂತ ಚಿಕ್ಕಪ್ಪ ಅವತ್ತು ಮನೆಗೆ ಬಂದು ಎಲ್ಲರಿಗೂ ಹೇಳಿದ್ದರಂತೆ, ಚಿಕ್ಕಮ್ಮನಿಗೆ ಅದು ಚೆನ್ನಾಗಿ ನೆನಪಿದೆ.

ಆ ಸಾಲುಗಳನ್ನು ಯಾವ ಕ್ರಮದಲ್ಲಿ ಓದಬೇಕು? ಶಾಯಿ ಮಾಸುತ್ತಿದೆ, ಲ್ಯಾಮಿನೇಟ್ ಮಾಡಿಸಬಹುದಾ?

ಹಳೇ ಮೋಡೆಮ್

ಕೆಳಗಿನಿಂದ ಮೇಲಕ್ಕೆ ಓದಿ. ಪ್ರತಿ ಯಂತ್ರವೂ ತನ್ನ ಸಾಲನ್ನು ಮೇಲೆ ಸೇರಿಸುತ್ತದೆ, ಹಾಗಾಗಿ ಎಲ್ಲಕ್ಕಿಂತ ಕೆಳಗಿನದು ಹೊರಟ ಜಾಗ.

ಲ್ಯಾಮಿನೇಟ್ ಬೇಡವೇ ಬೇಡ, ಬಿಸಿ ತಾಗಿದರೆ ಆಮೇಲೆ ಬಿಚ್ಚಲು ಆಗುವುದಿಲ್ಲ. ಮೊದಲು ಸ್ಕ್ಯಾನ್ ಮಾಡಿಸಿ, ಬಣ್ಣದಲ್ಲೇ ಮಾಡಿಸಿ. ಹಾಳೆಗಳನ್ನು ಒಂದರಿಂದ ಒಂದು ಹರಿಯದೆ ಹಾಗೇ ಮಡಿಚಿ ಬಿಸಿಲು ಬೀಳದ ಕಡೆ ಇಡಿ. ತೂತಿನ ಅಂಚನ್ನೂ ಕೀಳಬೇಡಿ.

ಶರಾವತಿ ತೀರ

ಸರಿ ಸರ್, ಹಾಗೇ ಮಾಡುತ್ತೇನೆ. ಚಿಕ್ಕಮ್ಮನ ಒಪ್ಪಿಗೆ ಸಿಕ್ಕಿದೆ. ಹೆಸರು ಮತ್ತು ಮನೆ ವಿಷಯ ಮುಚ್ಚಿ, ದಾರಿಯ ಸಾಲುಗಳನ್ನು ಮಾತ್ರ ಸ್ಕ್ಯಾನ್ ಮಾಡಿ ಇಲ್ಲಿ ಹಾಕುತ್ತೇನೆ. ಒಟ್ಟು 41 ಪತ್ರಗಳಿವೆ. ಮೊದಲ ಎಂಟು ಬೇರೆ ದಾರಿಯಲ್ಲಿ ಬಂದಿವೆ, ಅವುಗಳಲ್ಲಿ ಡೆಕ್‌ಡಬ್ಲ್ಯುಆರ್‌ಎಲ್ ಇಲ್ಲ.